‘ಶಿಫಾರಸು ಮಾಡಲಾಗಿದೆ’ ಎಂಬ ಹಸಿರು ಗುಂಡಿಯವರ ಸನ್ನಿಧಾನಕ್ಕೆ

ಧ್ವನಿ ಕಡತಗಳನ್ನು ಪರಿವರ್ತಿಸುವ ತಂತ್ರಾಂಶದ ನಡುಮಧ್ಯೆ ವಿರಾಜಮಾನರಾಗಿರುವ ಮಾನ್ಯರೇ,

ಗೌರವಪೂರ್ವಕ ವಂದನೆಗಳು. ಬರೆಯದೆ ಬಿಟ್ಟುಬಿಡೋಣ ಎಂದುಕೊಂಡಿದ್ದ ಮಾತನ್ನೇ ಮೊದಲು ಹೇಳುತ್ತೇನೆ: ಎಂಪಿ3ಗೂ ಫ್ಲ್ಯಾಕ್‌ಗೂ (ಅಂದರೆ ಹಾಡಿನ ಪುಟ್ಟ ಕಡತಕ್ಕೂ ದೊಡ್ಡ ಕಡತಕ್ಕೂ) ಇರುವ ವ್ಯತ್ಯಾಸ ನನ್ನ ಕಿವಿಗೆ ತಿಳಿಯುವುದಿಲ್ಲ. ಒಂದೇ ಹಾಡನ್ನು ಎರಡೂ ಬಗೆಯಲ್ಲಿ ಕೇಳಿಸಿ ಪರೀಕ್ಷೆ ಮಾಡಿದ ನನ್ನ ತಮ್ಮ, “ಅಕ್ಕಾ, ನಿನಗೆ ಕಿವಿ ಇರೋದು ಓಲೆ ಹಾಕ್ಕೊಳ್ಳೋಕೆ ಮಾತ್ರ” ಎಂದ. ಇಂಥ ಕಿವಿಯವಳು ಇಂಥ ದೂರು ಕೊಡಬಹುದೇ ಎಂದು ನನ್ನನ್ನೇ ಬಹಳ ಸಲ ಕೇಳಿಕೊಂಡೆ.

ನನ್ನ ಅಮ್ಮ ಸಂಗೀತದ ಟೀಚರ್. ಗಂಟಲಿನ ಶಸ್ತ್ರಚಿಕಿತ್ಸೆಯ ನಂತರ ಅವರಿಗೆ ಪಿಸುಮಾತು ಮಾತ್ರ ಉಳಿದಿದೆ. ಹಾಡು ಉಳಿದಿರುವುದು ಒಂದು ಕ್ಯಾಸೆಟ್ಟಿನಲ್ಲಿ. ಮನೆಯಲ್ಲಿ ಅಭ್ಯಾಸ ಮಾಡುವ ಶಿಷ್ಯರಿಗೆಂದು ಮಾಡಿದ ಆ ಪಾಠದಲ್ಲಿ ಅವರು ಒಂದು ಸಾಲು ಹಾಡಿ, ಕೇಳುವವರು ಅದನ್ನು ತಿರುಗಿ ಹಾಡುವಷ್ಟು ಹೊತ್ತು ಸುಮ್ಮನಿದ್ದು, ಆಮೇಲೆ ಮುಂದಿನ ಸಾಲಿಗೆ ಹೋಗುತ್ತಾರೆ. ಅದನ್ನು ಕಂಪ್ಯೂಟರಿಗೆ ತುಂಬಿಸಿ, ಯಾವ ಬಗೆಯಲ್ಲಿ ಉಳಿಸಲಿ ಎಂದು ವಾರಗಟ್ಟಲೆ ಒದ್ದಾಡಿದೆ. ಫ್ಲ್ಯಾಕ್ ಆದರೆ ಏನೂ ಕಳೆದುಹೋಗುವುದಿಲ್ಲ ಎಂದ ನನ್ನ ತಮ್ಮ. ಕಡತದ ಗಾತ್ರ ನೋಡಿದರೆ ನನ್ನ ಕಂಪ್ಯೂಟರಿನ ಜಾಗವೆಲ್ಲ ಅದಕ್ಕೇ ಬೇಕೆನಿಸಿತು. ಆಗ ತಾವು ಕಣ್ಣಿಗೆ ಬಿದ್ದಿರಿ. ಒತ್ತಿದೆ.

ತಮ್ಮ ದಕ್ಷತೆಯನ್ನು ಎಷ್ಟು ಹೊಗಳಿದರೂ ಸಾಲದು. ಎಂಪಿ3 ಆರಿಸಿದಿರಿ; ಅಷ್ಟಕ್ಕೇ ನಿಲ್ಲದೆ, ಅಮ್ಮ ಸುಮ್ಮನಿದ್ದ ಜಾಗಗಳನ್ನೆಲ್ಲ ವ್ಯರ್ಥವೆಂದು ಕತ್ತರಿಸಿ, ಮೂಲ ಕಡತವನ್ನೂ ಅಳಿಸಿ, ಇಷ್ಟು ಜಾಗ ಉಳಿತಾಯವಾಯಿತೆಂದು ನನ್ನನ್ನು ಅಭಿನಂದಿಸಿದಿರಿ. ಮರುದಿನ ನನ್ನ ಮಗಳು ಕಲಿಯಲು ಕೂತಳು. ಮೊದಲ ಸಾಲಿಗೆ ಅವಳು ಬಾಯಿ ತೆರೆಯುವಷ್ಟರಲ್ಲಿ ಎರಡನೆಯದು ಬಂತು, ಅದರ ಬೆನ್ನಿಗೇ ಮೂರನೆಯದು. “ಅಜ್ಜಿ ಯಾಕಮ್ಮ ಹೀಗೆ ಓಡ್ತಿದ್ದಾರೆ?” ಎಂದಳು. ಪಕ್ಕದ ಕುರ್ಚಿಯಲ್ಲಿದ್ದ ಅಮ್ಮ ಪಿಸುದನಿಯಲ್ಲೇ, “ಅದು ನಾನಲ್ಲ ಪುಟ್ಟಿ. ನಾನು ಕಾಯ್ತಿದ್ದೆ” ಎಂದರು.

ಓಲೆಯ ಕಿವಿಗೂ ಅದು ಕೇಳಿಸಿತು.

ಒತ್ತಿದ ಬೆರಳು ನನ್ನದೇ ಎಂಬುದನ್ನು ಮರೆತಿಲ್ಲ. ಆದರೂ ವಿನಂತಿ: ತಾವು ತೆಗೆದಿಟ್ಟುಕೊಂಡಿರುವ ಮೌನವನ್ನು, ಒಂದು ಸಾಲಿನದು ಇನ್ನೊಂದಕ್ಕೆ ಸೇರದಂತೆ ಜೋಪಾನವಾಗಿ ಕಟ್ಟಿ ವಾಪಸು ಕಳಿಸಬೇಕು, ಯಾವ ಬಗೆಯ ಕಡತದಲ್ಲಿ ಕಳಿಸಿದರೂ ಅಭ್ಯಂತರವಿಲ್ಲ, ನನಗೆ ಹೇಗೂ ವ್ಯತ್ಯಾಸ ತಿಳಿಯುವುದಿಲ್ಲ. ಹಾಗೆಯೇ ಮುಂದಿನ ಆವೃತ್ತಿಯಲ್ಲಿ, ಕತ್ತರಿ ಹಾಕುವ ಮೊದಲು ಹಾಡಿದವರನ್ನು ಒಂದು ಮಾತು ಕೇಳುವ ಏರ್ಪಾಡು ಮಾಡಬೇಕು. ಅವರು ಉತ್ತರಿಸುವವರೆಗೆ ತಾವು ಸುಮ್ಮನಿರಲು ಅಭ್ಯಾಸ ಮಾಡಿಕೊಳ್ಳಬೇಕು.

ಶಿಫಾರಸು ಮಾಡಲಾದ ಮಟ್ಟದಲ್ಲಿ ತಮ್ಮ ವಿಶ್ವಾಸಿ,
ಓಲೆಕಿವಿಯ ಅಕ್ಕ

ಮರೆತ ಮಾತು: ಕ್ಯಾಸೆಟ್ಟಿನ ಪಟ್ಟಿ ಸವೆದಿದೆ, ಇನ್ನೊಂದು ಸಲ ಓಡಿದರೆ ಹೆಚ್ಚು ಎಂದಿದ್ದಾರೆ ಟೇಪ್ ರೆಕಾರ್ಡರ್ ರಿಪೇರಿಯವರು. ಭಾನುವಾರ ಓಡಿಸುತ್ತೇವೆ, ಈ ಸಲ ಫ್ಲ್ಯಾಕ್‌ನಲ್ಲೇ. ಗುಂಡಿ ಒತ್ತುವವರು ಅಮ್ಮ. ಪಟ್ಟಿ ತುಂಡಾದರೆ, ಈ ಪತ್ರದಲ್ಲಿರುವ ಗೌರವದ ಮಾತುಗಳನ್ನೆಲ್ಲ ವ್ಯರ್ಥ ಜಾಗವೆಂದು ಕತ್ತರಿಸಿ, ಉಳಿದದ್ದನ್ನು ಓದಿಕೊಳ್ಳಬೇಕು. ಪಟ್ಟಿ ಏನಾಯಿತೆಂದು ಗೊತ್ತಾದ ಮೇಲೆಯೇ ಈ ಪತ್ರವನ್ನು ಅಂಚೆಗೆ ಹಾಕುತ್ತೇನೆ: ಸೋಮವಾರ, ಮಾರ್ಚ್ ಹದಿನಾರು.