ನೆಲ ಮುಟ್ಟಿದ ಅಂಗೈ

ಎಲ್ಲಾ ಶುರುವಾಗಿದ್ದು ಭಾಮೈದನ ಅಂಗೈಯಿಂದ.

ವಿಮಾನದಲ್ಲಿ ಕಸರತ್ತು ಮಾಡುವವರು ಹಾರುವ ಮೊದಲು ನೆಲದ ಮೇಲೆ ನಡೆದು ನೋಡುತ್ತಾರೆ. ಅಂಗೈಯೇ ವಿಮಾನ, ಅದನ್ನೇ ತಿರುಗಿಸಿ, ಮಗುಚಿ, ಆಟವನ್ನೆಲ್ಲ ಆಡಿಕೊಳ್ಳುತ್ತಾರೆ. ಆವತ್ತು ಬೆಳಿಗ್ಗೆ ಮೈದಾನದ ಮಂಜಿನಲ್ಲಿ ಭಾಮೈದ ಹಾಗೆ ನಡೆಯುತ್ತಿದ್ದ. ಕೊನೆಯ ಸುತ್ತಿನಲ್ಲಿ ಅಂಗೈ ಇಳಿಯಿತು, ಇಳಿಯಿತು, ಮೇಲೇಳದೆ ಹುಲ್ಲಿಗೆ ತಾಗಿ ಸುಮ್ಮನಾಯಿತು. ಅವನು ಯಾರ ಜತೆಗೋ ಪಿಸುಗುಟ್ಟುತ್ತಿದ್ದ. ಪಕ್ಕದಲ್ಲಿ ಮಂಜು ಬಿಟ್ಟರೆ ಯಾರೂ ಕಾಣಲಿಲ್ಲ.

ದೂರದಿಂದ ನೋಡುತ್ತಿದ್ದ ಭಾವ ಇದು ಅಪಶಕುನವೆಂದೇ ತಿಳಿದ. ಪ್ರದರ್ಶನದಲ್ಲಿ ಅವನದು ಎತ್ತರ ಕಾಯುವ ಕೆಲಸ. ವಿಮಾನ ಮಿತಿಗಿಂತ ಕೆಳಗಿಳಿದರೆ ರೇಡಿಯೋದಲ್ಲಿ "ಮೇಲೇಳು" ಅನ್ನಬೇಕು. ಹೆಂಡತಿ ಬೇರೆ ಹೇಳಿಬಿಟ್ಟಿದ್ದಳು, "ನನ್ನ ತಮ್ಮನಿಗೆ ಏನಾದ್ರೂ ಆದ್ರೆ ಈ ಮನೆ ಕಡೆ ತಲೆ ಹಾಕಿಯೂ ಮಲಗಬೇಡಿ!"

ಭಾವ ಪ್ರದರ್ಶನದ ಮೈಕಿನವನ ಹತ್ತಿರ ಗೋಳು ಹೇಳಿಕೊಂಡ. ಅವನು ನಕ್ಕುಬಿಟ್ಟ.

"ಕೆಳಗೆ ಬಂದಷ್ಟೂ ಮಜಾ ಕಣ್ರೀ. ಎತ್ತರದಲ್ಲಿ ಹದ್ದೂ ಹಾರತ್ತೆ, ಅದನ್ನ ನೋಡೋಕೆ ಯಾರಾದ್ರೂ ಟಿಕೆಟ್ ತಗೋತಾರಾ?"

ಭಾವ ಇನ್ನು ಯಾರನ್ನೂ ಕೇಳಲಿಲ್ಲ. "ಹೆಲ್ಮೆಟ್ ಒಳಗಿದೆ, ತಗೋ" ಎಂದು ಭಾಮೈದನನ್ನು ಶೆಡ್ಡಿಗೆ ಕಳಿಸಿ ಚಿಲಕ ಜಡಿದ.

"ಭಾವಾ! ಬಾಗಿಲು ತೆಗೀರಿ! ನಾನು ಹೋಗದಿದ್ರೆ ಅವ್ರು..." ಉಳಿದದ್ದು ಮೈಕಿನ ಅಬ್ಬರದಲ್ಲಿ ಮುಳುಗಿತು.

ಸದ್ಯ, ಬದುಕಿದೆ ಎಂದುಕೊಂಡು ಭಾವ ತನ್ನ ಜಾಗಕ್ಕೆ ಬಂದು ನಿಲ್ಲುವಷ್ಟರಲ್ಲಿ ಭಾಮೈದನ ವಿಮಾನ ನೆಲ ಬಿಟ್ಟು ಏರುತ್ತಿತ್ತು.

ಬೆಳಗಿನ ಅಂಗೈ ಆಡಿದ್ದನ್ನೇ ವಿಮಾನ ಆಡಿತು. ಅದೇ ತಿರುವು, ಅದೇ ಮಗುಚು. ಜನ ಉಸಿರು ಬಿಗಿಹಿಡಿದಿದ್ದರು. ಕೊನೆಯ ಸುತ್ತು ಬಂತು. ವಿಮಾನ ಇಳಿಯಿತು, ಇಳಿಯಿತು.

"ಮೇಲೇಳು! ಯಾರಪ್ಪಾ ನೀನು? ಮೇಲೇಳೋ!"

ರೇಡಿಯೋದಲ್ಲಿ ಉತ್ತರವೇ ಇಲ್ಲ. ಹುಲ್ಲು ಮಲಗಿತು, ಅದರ ಜತೆ ಭಾವನೂ ಮಲಗಿದ. ಇನ್ನೇನು ಮುಗಿಯಿತು ಎನ್ನುವಾಗ ವಿಮಾನ ಸರ್ರನೆ ಮೇಲೆದ್ದಿತು. ಚಪ್ಪಾಳೆಯೋ ಚಪ್ಪಾಳೆ.

ಇಳಿದು ಬಂದವರು ಪ್ರದರ್ಶನದ ಯಜಮಾನರು!

"ನಿನ್ನ ಭಾಮೈದ ಎಲ್ಲೂ ಕಾಣ್ಲಿಲ್ಲಪ್ಪ, ನಾನೇ ಹತ್ತಿಬಿಟ್ಟೆ. ಬೆಳಿಗ್ಗೆ ಮಂಜಲ್ಲಿ ನನ್ನನ್ನ ಪಕ್ಕದಲ್ಲಿ ನಿಲ್ಲಿಸಿಕೊಂಡು ಎಷ್ಟು ಹೆದರಿಸ್ದ ಗೊತ್ತಾ! ನೀವು ಹೇಳೋ ಹಾಗೆ ಕೆಳಗಿಂದ ಸುತ್ತು ಹಾಕಿದ್ರೆ ಹೀಗೆ ನೆಲ ಮುಟ್ತೀವಿ ಅಂತ. ಎಲ್ಲಿ ಮುಟ್ತು?"

"ರೇಡಿಯೋದಲ್ಲಿ ಅಷ್ಟು ಬಡ್ಕೊಂಡೆ, ಸ್ವಾಮಿ!"

"ಅದು ನೀನಾ? ಕಿರಿಕಿರಿ ಆಯ್ತು, ಆರಿಸ್ಬಿಟ್ಟೆ."

ಯಜಮಾನರು ಪ್ರೀತಿಯಿಂದ ಅವನ ಹೆಗಲು ತಟ್ಟಿದರು.

"ನಾಳೆ ಇನ್ನೂ ಕೆಳಗೆ ಹೋಗೋಣ. ಆದ್ರೂ ಜೀವದ ವಿಷಯ, ಜಾಗ್ರತೆ ಬೇಕಪ್ಪ. ನೀನು ನನ್ನ ಮುಂದಿನ ಸೀಟಲ್ಲೇ ಕೂತು ಎತ್ತರ ನೋಡು. ಅದರ ಬೆಲ್ಟು ಸ್ವಲ್ಪ ಸಡಿಲ, ಗಟ್ಟಿಯಾಗಿ ಹಿಡ್ಕೊಂಡ್ರೆ ಆಯ್ತು."