ಏಳನೇ ವಾರ್ಡಿನಲ್ಲಿ ಜನ ಇರುವುದು ಸಾಬೀತಾದದ್ದು

ಏಳನೇ ವಾರ್ಡಿನಲ್ಲಿ ಜನವಸತಿ ಇಲ್ಲವೆಂದು ನಗರಸಭೆಯ ದತ್ತಾಂಶ ವಿಭಾಗವು ಒಂದು ಗುರುವಾರ ಬೆಳಿಗ್ಗೆ ಹನ್ನೊಂದು ಗಂಟೆಗೆ ಅಧಿಕೃತವಾಗಿ ಪ್ರಕಟಿಸಿತು. ಆ ವಾರ್ಡಿನ ನೂರಾ ಹನ್ನೆರಡು ಮನೆಯವರು ಆ ಹೊತ್ತಿನಲ್ಲಿ ಬಟ್ಟೆ ಒಗೆಯುತ್ತಿದ್ದರು.

ಪ್ರಕಟಣೆಗೆ ಆಧಾರ ಗಟ್ಟಿಯಾಗಿಯೇ ಇತ್ತು. ಜನಾಭಿಪ್ರಾಯದಂತೆ ಆಡಳಿತ ನಡೆಯಬೇಕೆಂದು ತೀರ್ಮಾನವಾಗಿ, ದೂರು ಕೊಡಲು ಒಂದು ಆ್ಯಪ್ ಬಂದಿತ್ತು. ದೂರು ಬಂದರೆ ಗೋಡೆಯ ನಕ್ಷೆಯಲ್ಲಿ ಕೆಂಪು ಚುಕ್ಕೆ. ಬಗೆಹರಿದರೆ ಅದೇ ಹಸಿರು. ಏಳನೇ ವಾರ್ಡು ಮೂರು ತಿಂಗಳಿಂದ ಬೆಳ್ಳಗೆ ಬೋಳಾಗಿತ್ತು. ಜನ ಇದ್ದೂ ದೂರಿಲ್ಲ ಎಂಬುದಕ್ಕೆ ನಮೂನೆಯಲ್ಲಿ ಕಾಲಂ ಇರಲಿಲ್ಲ. ಜನರಿಲ್ಲದ ಕಡೆ ನೀರು ಬಿಡುವವನಾದರೂ ಯಾಕೆ? ತಿಂಗಳ ಕೊನೆಗೆ ನೀರುಗಂಟಿಯ ಹುದ್ದೆ ರದ್ದು, ಪಂಪ್‌ಹೌಸಿನ ಪಕ್ಕದ ಅವನ ಕ್ವಾರ್ಟರ್ಸ್ ವಾಪಸ್.

ತಪ್ಪು ನೀರುಗಂಟಿಯದೇ. ಇಪ್ಪತ್ತೆರಡು ವರ್ಷದಿಂದ ಬೆಳಗಾದರೆ ಬೀದಿ ಸುತ್ತಿ, ಪೈಪಿಗೆ ಕಿವಿ ಹಚ್ಚಿ, ಸೋರುವ ಮೊದಲೇ ವಾಷರ್ ಬದಲಿಸಿಬಿಡುವ ಕೆಟ್ಟ ಚಟ ಅವನಿಗೆ.

“ಇಷ್ಟು ಚೆನ್ನಾಗಿ ಕೆಲಸ ಮಾಡ್ಬೇಡಿ ಅಂತ ಎಷ್ಟು ಸಲ ಬಡ್ಕೊಂಡೆ!” ಎಂದಳು ಹೆಂಡತಿ. “ಈಗ ಮಕ್ಕಳನ್ನ ಕಟ್ಕೊಂಡು ಎಲ್ಲಿಗ್ರೀ ಹೋಗೋದು? ಗೂಟದ ಹಾಗೆ ಕೂರ್ಬೇಡಿ, ಹೋಗಿ ಕೇಳಿ.”

ಹೋದ. ದತ್ತಾಂಶ ಅಧಿಕಾರಿ ಸಜ್ಜನ, ಕುರ್ಚಿ ಕೊಟ್ಟರು.

“ಸಾರ್, ನಾನೇ ಆ ವಾರ್ಡಲ್ಲಿ ಇದ್ದೀನಲ್ಲ?”

“ನನಗೆ ಕಾಣ್ತಿದ್ದೀರಪ್ಪ. ನಕ್ಷೆಗೆ ಕಾಣ್ತಿಲ್ಲ.”

“ಜನ ನೆಮ್ಮದಿಯಾಗಿದ್ದಾರೆ ಸಾರ್.”

“ದಾಖಲೆ?”

“ಒಂದೂ ದೂರಿಲ್ವಲ್ಲ.”

“ಅದೇ ನಿಮ್ಮ ಮೇಲಿರೋ ಆಪಾದನೆ,” ಎಂದು ಅಧಿಕಾರಿ ಮರುಗಿದರು. “ನಲವತ್ತು ಚುಕ್ಕೆ ತನ್ನಿ. ಕೆಂಪಾಗಿ ಹುಟ್ಟಿ ಹಸಿರಾಗ್ಬೇಕು. ಮೊದಲಿಂದಲೇ ಸರಿ ಇರೋದನ್ನ ಸುಧಾರಣೆ ಅನ್ನೋಕೆ ಬರಲ್ಲ.”

ನೀರುಗಂಟಿ ನೇರ ಮೂಲೆಮನೆಯ ಅಜ್ಜಿಯ ಬಳಿ ಬಂದ. ಅಜ್ಜಿ ನಿವೃತ್ತ ಮೇಷ್ಟರಮ್ಮ. ಆ್ಯಪಿನಲ್ಲಿ ಅವರು ಒತ್ತಿದರೆ ಬೀದಿಯೇ ಒತ್ತುತ್ತದೆ.

“ನಲ್ಲಿ ಸೋರ್ತಿದೆ ಅಂತ ಒಂದು ದೂರು ಒತ್ತಿಬಿಡಿ ಅಜ್ಜಿ.”

“ಸೋರ್ತಿಲ್ವಲ್ಲೋ.”

“ಸುಮ್ನೆ ಒತ್ತಿ. ನನ್ನ ಹೊಟ್ಟೆಪಾಡು.”

“ಸುಳ್ಳು ಹೇಳ್ಬಾರ್ದು ಅಂತ ಮೂವತ್ತು ವರ್ಷ ಪಾಠ ಮಾಡಿದ ಬಾಯಿ ಇದು. ಮೊದ್ಲು ಸೋರಿಸು, ಆಮೇಲೆ ದೂರು.”

ಜೀವಮಾನದಲ್ಲಿ ಮೊದಲ ಸಲ ಅವನು ಸ್ಪ್ಯಾನರನ್ನು ಎಡಕ್ಕೆ ತಿರುಗಿಸಿ ಅಲ್ಲಿಗೇ ಕೈ ಬಿಟ್ಟ. ಅಜ್ಜಿ ಕನ್ನಡಕ ಏರಿಸಿ ನೋಡಿದರು.

“ಇದನ್ನ ಸೋರೋದು ಅಂತಾರೇನೋ? ಇನ್ನೊಂಚೂರು ಬಿಚ್ಚು. ನಾನು ಉತ್ಪ್ರೇಕ್ಷೆ ಮಾಡೋಳಲ್ಲ.”

ಬಿಚ್ಚಿದ. ಅಜ್ಜಿ ಒತ್ತಿದರು. ಬಿಗಿದ. ಬಗೆಹರಿಯಿತು ಎಂದು ಅಜ್ಜಿ ಮತ್ತೆ ಒತ್ತಿದರು. ಮುಂದಿನ ಮನೆಗೆ ಹೋದ.

ತಿಂಗಳ ಕೊನೆಗೆ ನಕ್ಷೆಯಲ್ಲಿ ಏಳನೇ ವಾರ್ಡು ಗದ್ದೆಯಂತೆ ಹಸಿರಾಗಿ ನಿಂತಿತು. ಜನ ವಾಸವಿರುವುದು ರುಜುವಾತಾಗಿ, ಅತ್ಯಂತ ವೇಗವಾಗಿ ಸುಧಾರಿಸಿದ ವಾರ್ಡೆಂದು ಪ್ರಶಸ್ತಿಪತ್ರ ಬಂತು. ಅದರ ಹಿಂದೆಯೇ ಸುತ್ತೋಲೆ: “ಪ್ರತಿ ಮನೆಗೂ ತಿಂಗಳಿಗೊಂದು ಸೋರಿಕೆಯನ್ನು ಸರದಿಯ ಮೇಲೆ ಒದಗಿಸತಕ್ಕದ್ದು. ಸೋರಿಕೆ ಸಿಗದ ನಿವಾಸಿಗಳು ಕಚೇರಿಗೆ ತಿಳಿಸತಕ್ಕದ್ದು. ಒಬ್ಬನೇ ನೌಕರನು ಬಿಚ್ಚುವುದೂ ಬಿಗಿಯುವುದೂ ಪಾರದರ್ಶಕತೆಗೆ ಭಂಗವಾದ್ದರಿಂದ, ಬಿಚ್ಚುವುದಕ್ಕೆ ಪ್ರತ್ಯೇಕ ಹುದ್ದೆಯನ್ನು ಸೃಜಿಸಲಾಗಿದೆ.”

ಕ್ವಾರ್ಟರ್ಸ್ ಉಳಿಯಿತು. ಹೊಸದಾಗಿ ಬಂದ ಬಿಚ್ಚುವವನು ಡಿಪ್ಲೊಮಾ ಓದಿದವನು, ಆದರೆ ಸೋಮಾರಿ. ಎರಡನೇ ತಿಂಗಳು ಅಜ್ಜಿಯ ಸರದಿಯ ದಿನ ಅವನ ಸುಳಿವೇ ಇಲ್ಲ. ನಲ್ಲಿ ತುಟಿ ಬಿಗಿದು ಕೂತಿತ್ತು. ಹನ್ನೆರಡರವರೆಗೆ ಕಾದ ಅಜ್ಜಿ ಕನ್ನಡಕ ಏರಿಸಿ, ಯಾರೂ ಹೇಳಿಕೊಡದೆ, ಒಂದಕ್ಷರ ಸುಳ್ಳಿಲ್ಲದೆ ದೂರು ಬರೆದರು: “ನಮ್ಮ ಮನೆಯ ನಲ್ಲಿ ಸೋರುತ್ತಿಲ್ಲ.”

ನಗರಸಭೆ ತಡಮಾಡಲಿಲ್ಲ. ಮಧ್ಯಾಹ್ನ ಎರಡಕ್ಕೆ ಜೀಪು ಬಂತು. ಮೂರಕ್ಕೆಲ್ಲ ಅಜ್ಜಿಯ ಅಂಗಳ ಕೆರೆಯಾಗಿತ್ತು. ಸೀರೆ ಎತ್ತಿಕಟ್ಟಿ ನಿಂತ ಅಜ್ಜಿ ನೀರುಗಂಟಿಗೆ ಹೇಳಿದರು:

“ಏನೇ ಹೇಳು, ಈಗ ಕೇಳಿದ್ರೆ ಕೆಲಸ ಆಗುತ್ತೆ ಕಣೋ.”

“ಹೌದಜ್ಜಿ,” ಎಂದ ನೀರುಗಂಟಿ, ಮೊಣಕಾಲುದ್ದ ನೀರಿನಲ್ಲಿ ಸ್ಪ್ಯಾನರ್ ಹುಡುಕುತ್ತಾ.