ಕಳ್ಳಿಗೊಂದು ಕಾಡಿಗೆ ಬೊಟ್ಟು

ಕಲ್ಲಿನಲ್ಲೂ ಹೂ ಅರಳಿಸುವ ಗಂಡಸು ನಾನು ಎಂದು ಕಳೆದ ಡಿಸೆಂಬರಿನ ಒಂದು ಭಾನುವಾರ, ಉಪ್ಪಿಟ್ಟಿನ ತಟ್ಟೆ ಮುಂದಿಟ್ಟುಕೊಂಡು ಘೋಷಿಸಿಬಿಟ್ಟೆ. ಕಲ್ಲು ಎಂದದ್ದು ಕೊಂಚ ಉತ್ಪ್ರೇಕ್ಷೆ. ಕಳ್ಳಿ ಎನ್ನಬೇಕಿತ್ತು. ಸಿ.ವಿ. ರಾಮನ್ ನಗರದ ನಮ್ಮ ಮನೆಯ ಟೆರೇಸಿನಲ್ಲಿ, ಬಿಸಿಲು ಚೆನ್ನಾಗಿ ಬೀಳುವ ಕಡೆ, ನನ್ನ ಮೂವತ್ತೆಂಟು ಕಳ್ಳಿ ಕುಂಡಗಳು ಆಸ್ಥಾನ ನಡೆಸುತ್ತವೆ. ಉದ್ದನೆಯದು, ಗುಂಡನೆಯದು, ಬಿಳಿ ಗಡ್ಡದ್ದು, ಮೆಕ್ಸಿಕೋ ಮೂಲದ್ದು, ಶಿವಾಜಿನಗರ ಮೂಲದ್ದು! ಆರು ವರ್ಷದಿಂದ ಸಾಕುತ್ತಿದ್ದೇನೆ. ಒಂದಾದರೂ ಹೂ ಬಿಟ್ಟಿಲ್ಲ.

"ಹೆಸರಿಗೆ ವಸಂತ್. ಟೆರೇಸ್ ಮೇಲೆ ಒಂದು ಹೂವಿಗೆ ಗತಿಯಿಲ್ಲ," ಎಂದಳು ನನ್ನ ಹೆಂಡತಿ ಹಂಸ.

"ನೋಡ್ತಿರು. ಯುಗಾದಿ ಒಳಗೆ ಹೂ ಬರಿಸ್ತೀನಿ!"

"ಬರದೇ ಇದ್ರೆ?"

"ಏನ್ ಬೇಕಾದ್ರೂ ಕೇಳು!"

ಮದುವೆಯಾಗಿ ಇಪ್ಪತ್ತೊಂದು ವರ್ಷವಾದ ಗಂಡಸು ಆಡಬಾರದ ಮಾತು ಅದು. ಹಂಸ ಸೌಟು ಕೆಳಗಿಟ್ಟಳು.

"ಬಿಸಿಲಿರೋ ಜಾಗ ನನಗೆ ಬಿಟ್ಕೊಡ್ಬೇಕು. ಆರು ವರ್ಷದಿಂದ ಸಂಡಿಗೇನ ನೀರಿನ ಟ್ಯಾಂಕ್ ನೆರಳಲ್ಲಿ ಒಣಗಿಸ್ತಿದೀನಿ. ಒಣಗೋಷ್ಟ್ರಲ್ಲಿ ಅರ್ಧ ಅಳಿಲಿಗೆ. ಇನ್ನರ್ಧದ ಮೇಲೆ ಬೆಕ್ಕು ಮಲಗುತ್ತೆ. ಹೂ ಬಂದ್ರೆ ಟೆರೇಸ್ ಪೂರ್ತಿ ನಿಮ್ದು. ಬರ್ಲಿಲ್ವೋ, ಒಂದು ಕುಂಡ ಇರಕೂಡದು."

"ಮೂವತ್ತೆಂಟೂ?"

"ಮೂವತ್ತೆಂಟೂ."

ನನ್ನ ತಾಯಿ ರಾಮಲಕ್ಷ್ಮಮ್ಮನ ಸಾಕ್ಷಿಯಲ್ಲಿ ಪಂದ್ಯ ಕಟ್ಟಿದ್ದಾಯಿತು.

ಮೂರು ದಿನ ಮೊಬೈಲಿನಲ್ಲಿ ವಿಡಿಯೋ ನೋಡಿ ವಿದ್ಯೆ ಸಂಪಾದಿಸಿದೆ. ಗುಟ್ಟು ಇಷ್ಟೇ: ಚಳಿಗಾಲದಲ್ಲಿ ಕಳ್ಳಿಗೆ ನೀರು ನಿಲ್ಲಿಸಿಬಿಡಬೇಕು. ಅದು ಹೊಟ್ಟೆಗಿಲ್ಲದೆ ಚಳಿಯಲ್ಲಿ ನಿದ್ದೆ ಹೋಗುತ್ತದೆ. ಬೇಸಿಗೆ ಬಂದಾಗ ನೀರು ಕೊಟ್ಟರೆ, ಅಬ್ಬಾ, ಬದುಕಿದೆನಲ್ಲ ಎಂಬ ಖುಷಿಗೆ ಮೊಗ್ಗು ಬಿಡುತ್ತದೆ. ಭಕ್ತರು ಉಪವಾಸ ಮಾಡಿ ವರ ಪಡೆಯುವುದನ್ನು ಕೇಳಿದ್ದೆ. ಗಿಡಕ್ಕೆ ಉಪವಾಸ ಹಾಕಿ ವರ ಪಡೆಯುವ ವಿದ್ಯೆ ಇದೇ ಮೊದಲು! ಎಲ್ಲರನ್ನೂ ಟೆರೇಸಿಗೆ ಕರೆದು ರಾಜಾಜ್ಞೆ ಹೊರಡಿಸಿದೆ.

"ನಾನು ಹೇಳೋವರೆಗೂ ಯಾರೂ ಒಂದು ತೊಟ್ಟು ನೀರು ಹಾಕ್ಬಾರ್ದು!"

ಅಮ್ಮ ಸೊಂಟದ ಮೇಲೆ ಕೈಯಿಟ್ಟಳು. "ನೀರೇ ಹಾಕ್ದೆ ಗಿಡ ಬೆಳೆಸೋದಾ? ಮನೆ ಕಟ್ಟೋಕೆ ಮುಂಚೆ ಇದೇ ಜಾಗದಲ್ಲಿ ನಿಮ್ಮ ತಾತ ಕೊತ್ತಂಬ್ರಿ ಬೆಳೆದು ಹಲಸೂರಿಗೆ ಹೊತ್ಕೊಂಡು ಹೋಗಿ ಮಾರ್ತಿದ್ರು. ಮಡಿಗೆ ದಿನಕ್ಕೆರಡು ಸಲ ನೀರು. ಅವರ ಮೊಮ್ಮಗ ನೀನು, ಗಿಡದ ಹೊಟ್ಟೆ ಮೇಲೆ ಹೊಡೀತೀಯೇನೋ?"

"ಅಮ್ಮಾ, ಇದು ಸೈನ್ಸು."

"ಏನೋಪ್ಪ. ಬಾಯಿಲ್ಲದ್ದು, ಪಾಪ."

ಕೆಳಗಿನ ರೂಮಿನಲ್ಲಿ ಬಾಡಿಗೆಗಿರುವ ಜಟ್ಟೆಮ್ಮ ಬಟ್ಟೆ ಒಣಹಾಕಲು ಬಂದವಳು ಅಲ್ಲೇ ನಿಂತಿದ್ದಳು. ಅವಳು ಅಫಜಲಪುರದ ಕಡೆಯವಳು. "ಅಣ್ಣಾರ, ನಮ್ಮೂರಾಗ ಹೊಲದ ಬದುವಿನ್ಯಾಗ ಬೇಕಾದಷ್ಟು ಡಬ್ಬಗಳ್ಳಿ ಅದಾವ್ರಿ. ಯಾರೂ ಕುಂಡ್ಯಾಗ ಇಟ್ಟು ಸಾಕಂಗಿಲ್ರಿ," ಎಂದಳು. ನಾನು ವಿಜ್ಞಾನಿಗೆ ತಕ್ಕಂಥ ಮುಗುಳ್ನಗೆ ಬೀರಿ ಕೆಳಗಿಳಿದೆ.

ಜನವರಿ ಕಳೆಯಿತು. ಉಪವಾಸದಲ್ಲಿ ಕಳ್ಳಿ ಸ್ವಲ್ಪ ಸೊರಗುತ್ತದೆ, ಹೆದರಬೇಡಿ ಎಂದು ವಿಡಿಯೋದವನು ಹೇಳಿದ್ದ. ನನ್ನವು ಸೊರಗುವುದಿರಲಿ, ಬಾಡೂಟ ಉಂಡ ಬೀಗರ ಹಾಗೆ ಉಬ್ಬಿ ಕೂತವು! ಎಲ್ಲಾ ನನ್ನ ಕೈಗುಣ ಎಂದುಕೊಂಡೆ. ಅಲ್ಲೇ ಅನುಮಾನ ಬರಬೇಕಿತ್ತು, ಬರಲಿಲ್ಲ.

ಫೆಬ್ರವರಿ ಎರಡನೇ ವಾರ, ಗುಂಡು ಕಳ್ಳಿಯ ಪಕ್ಕೆಯಲ್ಲಿ ಕಡಲೆಕಾಳಿನಷ್ಟು ಒಂದು ಉಬ್ಬು!

"ಹಂಸಾ! ಬಾ ಇಲ್ಲಿ! ಮೊಗ್ಗು!"

ಹಂಸ ಬಗ್ಗಿ ನೋಡಿದಳು. "ಮೊಗ್ಗಾ ಇದು? ನರುಳ್ಳೆ ಥರ ಇದೆ."

"ಹೊಟ್ಟೆಕಿಚ್ಚು ನಿನಗೆ," ಎಂದೆ.

ಆಮೇಲೆ ನನಗೆ ಬೇರೆ ಕೆಲಸವೇ ಇಲ್ಲ. ಅಮ್ಮ ಪಂಚಾಂಗ ಓದುವ ಭೂತಗನ್ನಡಿ ಹಿಡಿದು ದಿನಕ್ಕೆ ಮೂರು ಸಲ ಮೆಟ್ಟಿಲು ಹತ್ತಿದೆ. ಇವತ್ತು ಎಷ್ಟಾಯಿತು, ತುದಿ ಕೆಂಪಾಯಿತೇ, ಒಳಗೆ ಎಸಳು ಹೇಗೆ ಮಡಿಚಿಟ್ಟಿರಬಹುದು? ಯೋಚಿಸಿ ಯೋಚಿಸಿ ಆಫೀಸಿನ ಲೆಕ್ಕವೆಲ್ಲ ತಪ್ಪಿತು. ಕುತೂಹಲವೆಂಬುದು ನೆಗಡಿ ಇದ್ದ ಹಾಗೆ, ಬೀದಿಗೆಲ್ಲ ಹರಡಿತು. ಎದುರು ಮನೆಯ ಚಿಕ್ಕವೆಂಕಟಪ್ಪನವರು ವಾಕಿಂಗ್ ಬಿಟ್ಟು ನಮ್ಮ ಟೆರೇಸಿಗೇ ಬರತೊಡಗಿದರು.

"ಕೆಂಪು ಬರುತ್ತೆ ಕಣಯ್ಯಾ, ಬರೆದಿಟ್ಕೋ!"

"ಇಲ್ರೀ ಯಜಮಾನ್ರ, ಅರಿಶಿಣ ಬಣ್ಣ ಬರ್ತದ್ರಿ. ನಮ್ಮ ಡಬ್ಬಗಳ್ಳಿದು ಹಂಗ ಇರ್ತದ," ಎಂದಳು ಜಟ್ಟೆಮ್ಮ.

"ಬಿಳೀದು," ಎಂದಳು ಅಮ್ಮ, ಯಾವ ಆಧಾರವೂ ಇಲ್ಲದೆ.

ನೋಡಲು ಬಂದವರನ್ನು ಬರಿಗೈಲಿ ಕಳಿಸುವುದುಂಟೇ? ಕಾಫಿ ಕೊಟ್ಟೆ. ಕಾಫಿಯ ಜೊತೆಗೆ, ಹಂಸ ಹೋದ ವರ್ಷ ಅಳಿಲಿನ ಬಾಯಿಂದ ಉಳಿಸಿಟ್ಟಿದ್ದ ಸಂಡಿಗೆ ಕರಿದು ಕೊಟ್ಟೆ.

"ರೀ, ಡಬ್ಬದ ತಳ ಕಾಣಿಸ್ತಿದೆ!"

"ಒಂದು ಚರಿತ್ರೆ ನಡೀತಿರೋವಾಗ ಸಂಡಿಗೆ ಲೆಕ್ಕ ಇಡ್ತೀಯಲ್ಲೇ!"

ಇಷ್ಟು ಜನರ ಕಣ್ಣು ಒಂದೇ ಕಡೆ ಬಿದ್ದರೆ ತಡೆಯುವುದುಂಟೇ ಎಂದು ಅಮ್ಮ ಒಂದು ಬೆಳಿಗ್ಗೆ ಮೊಗ್ಗಿನ ಮೇಲೆ ದುಂಡಗೆ ಕಾಡಿಗೆ ಬೊಟ್ಟು ಇಟ್ಟುಬಿಟ್ಟಳು. ಸಂಜೆ ಉಪ್ಪು, ಮೆಣಸಿನಕಾಯಿ ನಿವಾಳಿಸಿದಳು. ಘಾಟಿಗೆ ಚಿಕ್ಕವೆಂಕಟಪ್ಪನವರು ಕೆಮ್ಮಿದ ಕೆಮ್ಮು ಮೂರನೇ ಮನೆಗೆ ಕೇಳಿಸಿತು.

ಮಾರ್ಚ್ ಬಂತು. ಮೊಗ್ಗು ನಿಂಬೆಹಣ್ಣಿನ ಗಾತ್ರವಾಯಿತು. ಪಕ್ಕದಲ್ಲಿ ಇನ್ನೂ ಮೂರು ಹುಟ್ಟಿಕೊಂಡವು. ಆದರೆ ಒಂದೂ ಅರಳುವ ಲಕ್ಷಣವಿಲ್ಲ! ಯುಗಾದಿಗೆ ಒಂದೇ ವಾರ ಉಳಿದಿತ್ತು. ತಡೆಯಲಾರದೆ, ಆ ಗಿಡ ನನಗೆ ಮಾರಿದ್ದ ಶಿವಾಜಿನಗರದ ನರ್ಸರಿಯ ಗಯಾಜ್‌ಗೆ ಫೋನ್ ಮಾಡಿದೆ. ಭಾನುವಾರ ಬಂದ. ನಾವೆಲ್ಲ ಸುತ್ತ ನಿಂತೆವು.

ಗಯಾಜ್ ಕೂತು ನೋಡಿದ. "ಈ ಕಪ್ಪು ಏನು ಸಾರ್?"

"ದೃಷ್ಟಿ ಬೊಟ್ಟು ಕಣಪ್ಪ," ಎಂದಳು ಅಮ್ಮ.

"ಒಳ್ಳೇದು ಮಾಡಿದ್ರಿ ಅಮ್ಮಾ. ಮಗೂಗೆ ಇಡಲೇಬೇಕು."

"ಮಗು? ಯಾವ ಮಗು?" ಎಂದೆ.

"ಇದು ಹೂ ಅಲ್ಲ ಸಾರ್, ಬಚ್ಚಾ. ಮರಿ! ಮೊಗ್ಗಾದ್ರೆ ಮೈಮೇಲೆ ಕೂದ್ಲು ಇರ್ತದೆ, ಉದ್ದ ಬರ್ತದೆ. ಇದಕ್ಕೆ ನೋಡಿ, ಗುಂಡಗಿದೆ, ಮುಳ್ಳೂ ಬಂದಿದೆ. ನಾಲ್ಕು ಮರಿ ಹಾಕಿದೆ ಸಾರ್, ಮುಬಾರಕ್!"

ಚಿಕ್ಕವೆಂಕಟಪ್ಪನವರು ಕೋಲು ಕುಟ್ಟಿದರು. "ಅಂದ್ರೆ ಒಂದು ತಿಂಗಳಿಂದ ನಾವು ನೋಡೋಕೆ ಬರ್ತಿದ್ದಿದ್ದು ಬಸುರಿನಾ?"

"ಸಾಧ್ಯವೇ ಇಲ್ಲ! ನಾನು ಒಂದು ತೊಟ್ಟು ನೀರು ಹಾಕಿಲ್ಲ!"

"ಯಾರೋ ಹಾಕಿದಾರೆ ಸಾರ್. ಚಳೀಲಿ ಹೊಟ್ಟೆತುಂಬ ಸಿಕ್ಕಿದ್ರೆ ಇದು ಹೂವಿಗೆ ಹೋಗಲ್ಲ, ಮರಿ ಹಾಕ್ತದೆ."

ನಾನು ತಿರುಗಿ ನೋಡಿದೆ. ಅಮ್ಮ ಸೆರಗಿನ ತುದಿ ಸರಿಮಾಡಿಕೊಂಡಳು. "ಅಕ್ಕಿ ತೊಳೆದ ನೀರು ಕಣೋ. ಸುಮ್ನೆ ಮೋರಿಗೆ ಹೋಗೋದು. ದಿನಾ ಬೆಳಿಗ್ಗೆ ಒಂದೊಂದು ಲೋಟ ಹಾಕ್ತಿದ್ದೆ."

"ಅಜ್ಜಿ ಹಾಕೂದು ನಂಗ ಗೊತ್ತಿರ್ಲಿಲ್ರಿ ಅಣ್ಣಾರ," ಎಂದಳು ಜಟ್ಟೆಮ್ಮ ತಲೆ ತಗ್ಗಿಸಿ. "ನೀರು ಕಾಣದ ಊರಿಂದ ಬಂದಾವ್ರು ನಾವು. ಒಣಗೂದು ನೋಡಾಕ ಆಗಂಗಿಲ್ರಿ. ಸಂಜಿಮುಂದ ನಾನೂ ಒಂದು ಚರಿಗಿ..."

"ಹಂಸಾ, ನೀನೂನಾ?"

"ನಾನ್ಯಾಕೆ ಹಾಕ್ಲಿ? ನನಗೆ ಜಾಗ ಬೇಕಿತ್ತು. ಒಂದು ಹನಿ ಮುಟ್ಟಿಸಿಲ್ಲ."

ಇಡೀ ಕಟ್ಟಡದಲ್ಲಿ ನನ್ನ ಆಜ್ಞೆ ಪಾಲಿಸಿದವಳು ನನ್ನ ಎದುರಾಳಿ ಒಬ್ಬಳೇ!

ಸೋತೆ. ಯುಗಾದಿ ಕಳೆದ ಮೇಲಿನ ಶನಿವಾರ ಗಾಡಿ ತಂದು ಎಲ್ಲವನ್ನೂ ಒಯ್ಯುವುದೆಂದು ಗಯಾಜ್ ಜೊತೆ ಮಾತಾಯಿತು. ನಿಜ ಹೇಳುತ್ತೇನೆ, ಕಣ್ಣಲ್ಲಿ ನೀರು ಬಂತು. ಮುಳ್ಳು ಚುಚ್ಚಿಸಿಕೊಂಡು ಆರು ವರ್ಷ ಸಾಕಿದವಲ್ಲವೇ? ಅಮ್ಮ ನನ್ನ ಪರ ಒಂದು ಕೊನೆಯ ವಾದ ಹೂಡಿದಳು. "ಬಾಣಂತಿನ ಮೂರು ತಿಂಗಳು ಕದಲಿಸಬಾರ್ದು ಕಣಮ್ಮ."

"ಒಬ್ಬಳು ಹೆತ್ತಳು ಅಂತ ಮೂವತ್ತೇಳು ಜನ ನೆಂಟರನ್ನೂ ಇಟ್ಕೊಳ್ಳೋಕಾಗುತ್ತಾ ಅತ್ತೆ?" ಎಂದಳು ಹಂಸ.

ಯುಗಾದಿಯ ಮರುದಿನ ಅವಳು ಬಿಸಿಲಿನ ಜಾಗದ ನಡುವೆ ಹಳೇ ಪಂಚೆ ಹಾಸಿ ಸಂಡಿಗೆ ಇಟ್ಟಳು. ಗಾಡಿ ಬರುವವರೆಗೆ ಕುಂಡಗಳನ್ನು ಇಡಲು ಬೇರೆ ಕಡೆ ಎಲ್ಲಿದೆ? ಪಂಚೆಯ ಸುತ್ತ ಒತ್ತೊತ್ತಾಗಿ ಸರಿಸಿದೆ. ನಾಲ್ಕು ದಿನ ಆ ಕಡೆ ತಲೆಹಾಕಲು ಮನಸ್ಸಾಗಲಿಲ್ಲ.

ಶನಿವಾರ ಬೆಳಿಗ್ಗೆ ಬೀಳ್ಕೊಡುಗೆಗೆಂದು ಭಾರವಾದ ಹೆಜ್ಜೆಯಿಟ್ಟು ಹತ್ತಿದೆ. ಬೆಕ್ಕು ಗೋಡೆಯ ಮೇಲೆ ಕೂತು ಮುಂಗಾಲು ನೆಕ್ಕಿಕೊಳ್ಳುತ್ತಿತ್ತು. ಅಳಿಲು ಟ್ಯಾಂಕಿನ ಮೇಲಿಂದಲೇ ಕೂಗಾಡುತ್ತಿತ್ತು. ಹಂಸ ತುಂಬಿದ ಮೊರ ಹಿಡಿದು ನಿಂತಿದ್ದಳು.

"ರೀ, ಗಯಾಜ್‌ಗೆ ಬರ್ಬೇಡ ಅನ್ನಿ. ಒಂದು ಸಂಡಿಗೆ ಮುರಿದಿಲ್ಲ! ಇನ್ನೂ ಇಪ್ಪತ್ತು ಕುಂಡ ತನ್ನಿ, ಮುಂದಿನ ವಾರ ಹಪ್ಪಳ ಹಾಕ್ಬೇಕು."

"ಹಂಸಾ!" ನನ್ನ ಎದೆಯುಬ್ಬಿತು. "ಕೆಂಪು ಹೂವಿಂದು ತರ್ಲಾ, ಹಳದೀದು ತರ್ಲಾ?"

"ಹೂವಿನ ಸುದ್ದಿನೇ ಬೇಡ! ಹೂ ಬಿಟ್ರೆ ಬೀದಿಯವರೆಲ್ಲ ಬಂದು ಡಬ್ಬ ಖಾಲಿ ಮಾಡಿ ಹೋಗ್ತಾರೆ."

"ಹೂ ಬಿಡದ ಜಾತಿ ಯಾವುದು ಅಂತ ನನಗೆ ಹೇಗೆ ಗೊತ್ತಾಗ್ಬೇಕು?"

ಹಂಸ ಮೊರವನ್ನು ನನ್ನ ಕೈಗೆ ಕೊಟ್ಟಳು.

"ಯಾವುದಾದ್ರೂ ತನ್ನಿ. ಬೆಳೆಸೋದು ನೀವು ತಾನೇ? ನನಗೇನೂ ಭಯ ಇಲ್ಲ."